ಮನ್ನಳ್ಳಿಯ ಕಿವಿ

“ಸಿಟ್ಟೊಂದು ಇರ್ಲಿಲ್ಲಂದ್ರ ದೇವರಂಥ ಹೆಣ್ಮಗಳು.”

ಕಾಕಿಯನ್ನು ಮಣ್ಣು ಮಾಡಿ ಬಂದು, ಕೈಕಾಲು ತೊಳೆದುಕೊಂಡು ಅಂಗಳದಲ್ಲಿ ಚಹಾ ಕುಡಿಯುತ್ತ ಕೂತವರಲ್ಲಿ ಒಬ್ಬ ಹಿರಿಯರು ಈ ಮಾತು ಅಂದರು. ಉಳಿದವರು ಹೌದು ಹೌದೆಂದು ತಲೆ ಆಡಿಸಿದರು. ಪಾಸ್ಟರ್ ಕೂಡ ಆಡಿಸಿದರು. ಕೊನೆಗೆ ಕಾಕಿಯ ಮಗಳೂ ಸೆರಗಿನಿಂದ ಮುಖ ಒರೆಸಿಕೊಂಡು, “ಖರೇ ಅದರಿ, ಅವ್ವಗ ಸಿಟ್ಟು ಭಾಳ ಇತ್ತು” ಅಂದಳು. ನಾನು ಚಹಾದ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿ ಎದ್ದು ಬಂದೆ. ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡಬೇಕೆಂದು ಕೂತಿದ್ದೇನೆ. ಇಳಿದರೆ ನಾನೂ ಆ ಹಿರಿಯರ ಹಾಗೆ ನಾಲ್ಕು ಒಳ್ಳೆಯ ಮಾತು ಆಡಿ ಕೈ ತೊಳೆದುಕೊಂಡೇನು.

ಊರಿಗೆಲ್ಲ ಅವರು ಕಾಕಿ. ನಿಜವಾಗಿ ಅವರು ಕಾಕಿ ಆಗಬೇಕಾದದ್ದು ಒಬ್ಬನಿಗೆ ಮಾತ್ರ, ಗಂಡನ ಅಣ್ಣನ ಮಗನಿಗೆ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಬೀದರಿನಲ್ಲಿ ಹುಟ್ಟಿ ಬೆಳೆದ ನನಗೆ ಔರಾದ ತಾಲೂಕಿನಲ್ಲಿ, ಸಂತಪುರದಿಂದ ಒಳಗೆ ಹೋಗುವ ಒಂದು ಹಳ್ಳಿಯ ಶಾಲೆಗೆ ನೇಮಕವಾದಾಗ ಬಾಡಿಗೆಗೆ ಕೋಣೆ ಸಿಕ್ಕಿದ್ದು ಕಾಕಿಯ ಮನೆಯಲ್ಲಿ. ನಮ್ಮ ಹಾಗೆಯೇ ಚರ್ಚಿಗೆ ನಡೆದುಕೊಳ್ಳುವ ಒಕ್ಕಲುತನದ ಮನೆ. ಗಂಡ ಯಾವಾಗಲೋ ತೀರಿಕೊಂಡಿದ್ದರು. ಒಬ್ಬಳೇ ಮಗಳು. ಅದೇ ಅಂಗಳದ ಆಚೆ ಬದಿಗೆ ಆ ಅಣ್ಣನ ಮಗನ ಸಂಸಾರ.

ಕೋಣೆ ನೋಡಲು ಹೋದ ದಿನ ಕಾಕಿ ಕೇಳಿದ ಮೊದಲ ಪ್ರಶ್ನೆ, “ನಿಮ್ಮ ತವರು ಯಾವುದ್ರಿ?”

“ನನ್ನ ಮದುವೆಯೇ ಆಗಿಲ್ಲ” ಅಂದೆ.

“ಲಗ್ನ ಆಗದಿದ್ರ ತವರು ಇರಂಗಿಲ್ಲೇನು? ಹುಟ್ಟಿದ್ದು ಎಲ್ಲಿ ಅಂತ ಕೇಳ್ಲಿಕತ್ತೇನಿ. ಸಾಲಿ ಕಲಿಸಾಕಿ ಇಷ್ಟೂ ತಿಳಿಯಂಗಿಲ್ಲ?”

ಹೀಗೆ ಬೈಸಿಕೊಂಡೇ ಆ ಮನೆಗೆ ಕಾಲಿಟ್ಟೆ. ಆ ಮೇಲೆ ಬೈಗುಳವಿಲ್ಲದೆ ಒಂದು ಬೆಳಗೂ ಹರಿಯಲಿಲ್ಲ. ತಂಬಿಗೆ ತುಂಬ ಮಜ್ಜಿಗೆ ತಂದು ಬಾಗಿಲಲ್ಲಿ ಇಡುವಾಗಲೂ, “ಬರೇ ಚಾ ಕುಡದು ಕುಡದು ಹುಣಚಿಕಾಯಿ ಆಗೀರಿ, ಕುಡೀರಿ ಇದ, ಸತ್ರ ನನ್ನ ಮ್ಯಾಲ ಬರ್ತದ” ಎಂದು ಗದರುವುದು. ಊರಿನ ಸೊಸೆಯಂದಿರನ್ನೆಲ್ಲ ಅವರು ಕರೆಯುತ್ತಿದ್ದುದು ಅವರವರ ತವರೂರಿನ ಹೆಸರಿನಿಂದ. “ಏ ಕಮಲನಗರ, ನೀರು ಹಿಡದಿ ಏನ?” “ಏ ಹುಮನಾಬಾದ, ಕೂಸು ಅಳ್ಲಿಕತ್ತದ ನೋಡು.” ಮದುವೆಯಾಗಿ ಬಂದು ಮೊಮ್ಮಕ್ಕಳನ್ನು ಕಂಡ ಮುದುಕಿಯರೂ ಕಾಕಿಯ ಬಾಯಲ್ಲಿ ತವರೂರಾಗಿಯೇ ಉಳಿದಿದ್ದರು. ನಾನು ಬೀದರ್ ಟೀಚರ್.

ಕಾಕಿಯ ತವರು ಮನ್ನಳ್ಳಿ. ಅವರ ಕೊಟ್ಟಿಗೆಯಲ್ಲಿದ್ದ ಕಪ್ಪು ಬಿಳಿ ಮಚ್ಚೆಯ ದೇವಣಿ ಆಕಳುಗಳ ಹೆಸರೂ ಮನ್ನಳ್ಳಿ. ತಾಯಿ ದೊಡ್ಡ ಮನ್ನಳ್ಳಿ, ಮಗಳು ಸಣ್ಣ ಮನ್ನಳ್ಳಿ. ಇದು ಬರೀ ಅಕ್ಕರೆಯ ಹೆಸರಲ್ಲ, ಇದರ ಹಿಂದೆ ಒಂದು ಕಟ್ಟಳೆ ಇದೆ. ಅದು ತಿಳಿಯದಿದ್ದರೆ ಕಾಕಿಯ ಸಿಟ್ಟು ಯಾರಿಗೂ ತಿಳಿಯುವುದಿಲ್ಲ.

ಆ ಕಡೆಯ ಹಳೆಯ ಒಕ್ಕಲು ಮನೆತನಗಳಿಗೆ ಒಂದೊಂದು ಕಿವಿಗುರುತು ಇತ್ತು. ಮೇಯಲು ಬಿಟ್ಟ ದನ ಯಾರದೆಂದು ತಿಳಿಯಲಿ ಎಂದು, ಕರುವಿದ್ದಾಗಲೇ ಕಿವಿಯ ಅಂಚನ್ನು ತಮ್ಮ ತಮ್ಮ ರೀತಿಯಲ್ಲಿ ಕತ್ತರಿಸುತ್ತಿದ್ದರು. ಕಾಕಿಯ ಗಂಡನ ಮನೆಯದು ಬಲಗಿವಿಯ ತುದಿಗೆ ಒಂದು ನೇರ ಕೊಯ್ತ. ಮನ್ನಳ್ಳಿಯ ಮನೆಯದು ಎಡಗಿವಿಯ ಕೆಳ ಅಂಚಿಗೆ ಜೋಡಿ ಕಚ್ಚು. ಮಗಳು ಚೊಚ್ಚಲ ಹೆರಿಗೆ ಮುಗಿಸಿ ಕೂಸು ಎತ್ತಿಕೊಂಡು ಗಂಡನ ಮನೆಗೆ ಹೊರಟಾಗ ತವರಿನವರು ಒಂದು ಹೆಣ್ಣು ಕರುವನ್ನು ಜೊತೆಗೆ ಕಳಿಸಬೇಕು. ಮುಂದೆ ಅದು ಹಾಕುವ ಹೋರಿಗಳು ಗಂಡನ ಮನೆಯ ನೇಗಿಲಿಗೆ, ಹೆಣ್ಣು ಕರುಗಳು ಅವಳಿಗೆ. ಆ ಹೆಣ್ಣು ಕರುಗಳಿಗೆ ಬೀಳಬೇಕಾದದ್ದು ತವರಿನ ಗುರುತು, ಅದನ್ನು ಹಾಕಬೇಕಾದವಳೂ ಅವಳೇ. ಗಂಡನಾಗಲಿ ಮೈದುನನಾಗಲಿ ಅವನ್ನು ಮಾರುವ ಹಾಗಿಲ್ಲ. ಹೆಣ್ಣಿಗೆ ಹೊಲದಲ್ಲಿ ಒಂದು ಗೇಣು ಬಿಟ್ಟುಕೊಡದ ಊರು ಇದೊಂದನ್ನು ಮಾತ್ರ ತಲೆತಲಾಂತರದಿಂದ ಒಪ್ಪಿಕೊಂಡು ಬಂದಿತ್ತು.

ಸಣ್ಣ ಮನ್ನಳ್ಳಿಯ ಕಿವಿಗೆ ಕಚ್ಚು ಹಾಕುವಾಗ ನಾನು ಅದರ ಹಗ್ಗ ಹಿಡಿದು ನಿಂತಿದ್ದೆ. ಕತ್ತರಿಯನ್ನು ಬೆಂಕಿಗೆ ಹಿಡಿದು, ಆರಿಸಿ, ಕಿವಿಗೆ ಎಣ್ಣೆ ಅರಿಶಿನ ಹಚ್ಚಿ ಕಾಕಿ ಕೂತರು. ಕರು ಒದರಿತು. ಕಾಕಿ ಅದಕ್ಕೂ ಬೈದರು.

“ಒದರಬ್ಯಾಡ! ನನಗೂ ಕಿವಿ ಚುಚ್ಯಾರ, ಮೂಗು ಚುಚ್ಯಾರ. ಯಾರ ಹೆಸರೀಲೆ ಚುಚ್ಚಲಿಕತ್ತೇವಿ ಅಂತ ಒಬ್ಬರೂ ಹೇಳಿಲ್ಲ. ನಿನಗ ನಾ ಹೇಳ್ತೇನಿ ಕೇಳು. ನನ್ನ ಹೆಸರೀಲೆ. ನನ್ನ ಮಗಳ ಹೆಸರೀಲೆ.”

ಕತ್ತರಿಸಿದ ಕೂಡಲೇ ಅದರ ಬಾಯಿಗೆ ಬೆಲ್ಲ ಇಟ್ಟರು. ಒಂದು ತುಣುಕು ನನ್ನ ಬಾಯಿಗೂ ತುರುಕಿದರು.

ಗುರುತಿನ ವಿಷಯದಲ್ಲಿ ಕಾಕಿಗೆ ಹುಡುಗಾಟ ನಡೆಯುತ್ತಿರಲಿಲ್ಲ. ಒಮ್ಮೆ ಪಾಸ್ಟರ್, ಒಳ್ಳೆಯ ಕುರುಬ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ ಎಂದು ಬಹಳ ಚೆನ್ನಾಗಿ ಪ್ರಸಂಗ ಮಾಡಿದರು. ಆರಾಧನೆ ಮುಗಿದು ಎಲ್ಲರೂ ಕೈ ಕುಲುಕಿ ಹೋಗುತ್ತಿದ್ದಾಗ ಕಾಕಿ ಬಾಗಿಲಲ್ಲೇ ನಿಂತು, “ಬರೇ ಹೆಸರು ಹಿಡದು ಕರದ್ರ ಸಾಲಂಗಿಲ್ಲ ಪಾಸ್ಟರ್. ಹೆಸರು ಯಾರ್ ಬೇಕಾದ್ರೂ ಕರೀತಾರ. ಕಿವಿ ಕೊಯ್ದಿರಬೇಕು” ಅಂದರು. ಪಾಸ್ಟರ್ ನಕ್ಕರು. ಕಾಕಿ ನಗಲಿಲ್ಲ.

ಭಾಲ್ಕಿಯ ದನದ ಬಜಾರಿನಲ್ಲಿ ಇನ್ನೊಂದು ನಡೆದಿತ್ತು. ಅಲ್ಲಿ ವ್ಯಾಪಾರ ಕುದುರಿದ ಮೇಲೆ ದಲ್ಲಾಳಿ ದನದ ಹಿಂಭಾಗದ ಚಪ್ಪೆಯ ಮೇಲಿನ ಕೂದಲನ್ನು ಕತ್ತರಿಯಿಂದ ಒಂದಿಷ್ಟು ಕತ್ತರಿಸುತ್ತಾನೆ. ಇದು ಮಾರಾಟವಾಗಿದೆ, ಇನ್ನು ಯಾರೂ ಕೇಳಬೇಡಿ ಎಂದು ಅದರ ಅರ್ಥ. ಕಾಕಿ ಒಂದು ಹೋರಿ ಮಾರಲು ಹೋದಾಗ, ಇವರು ಇನ್ನೂ ಹೂಂ ಅನ್ನುವ ಮೊದಲೇ ಒಬ್ಬ ದಲ್ಲಾಳಿ ಚಾಚಾ ಅವಸರಕ್ಕೆ ಬಿದ್ದು ಕತ್ತರಿ ಆಡಿಸಿಬಿಟ್ಟರು. ಕಾಕಿ ಅವರ ಕೈಯಿಂದ ಕತ್ತರಿ ಕಿತ್ತುಕೊಂಡು, ಅವರ ಹೆಗಲ ಮೇಲಿನ ರುಮಾಲಿನ ತುದಿಯನ್ನು ಕಚಕ್ಕನೆ ಕತ್ತರಿಸಿ, “ಈಗ ನೀನೂ ಮಾರಾಟ ಆದಿ. ನಡಿ ನಮ್ಮ ಮನೀಗಿ, ಶಗಣಿ ಬಳೀಲಿಕ್ಕಿ” ಅಂದರು. ಬಜಾರೆಲ್ಲ ಬಿದ್ದು ಬಿದ್ದು ನಕ್ಕಿತು. ಚಾಚಾ ತಾವೂ ನಕ್ಕು, “ಅರೇ ಮಾ, ಮೈ ಬಿಕ್ ಗಯಾ ಕ್ಯಾ! ಗಲತಿ ಹೋಗಯಿ, ಮಾಫ್ ಕರೋ” ಎಂದು ತಪ್ಪೊಪ್ಪಿಕೊಂಡು ಕೈ ಮುಗಿದರು. ಅಂದಿನಿಂದ ಕಾಕಿಯ ಹೋರಿಗಳ ವ್ಯಾಪಾರವೆಲ್ಲ ಅವರ ಕೈಯಲ್ಲೇ. ರುಮಾಲು ಮಾತ್ರ ಪ್ರತಿ ಸಲ ಹೊಸದು ಎಂದು ಕಾಕಿ ಹೇಳುತ್ತಿದ್ದರು.

ಇನ್ನು ಅಣ್ಣನ ಮಗನ ವಿಷಯ. ಅವನದು ಬೆಣ್ಣೆಯಂಥ ಮಾತು. “ಕಾಕಿ, ನೀವ್ಯಾಕ ತ್ರಾಸು ತಗೋತೀರಿ”, “ಕಾಕಿ, ನಾ ಇದ್ದೇನಲ್ಲ.” ಅವನ ತಾಯಿಗೆ ಮೈಯಲ್ಲಿ ಹುಷಾರಿಲ್ಲದಾಗ ಅವನನ್ನು ಸಾಕಿದ್ದು ಕಾಕಿ, ಅವನು ಕುಡಿದು ಬೆಳೆದದ್ದು ಮನ್ನಳ್ಳಿಯ ಹಾಲು. ಅವನು ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡಿದ್ದನ್ನು ನಾನು ಕೇಳಿಲ್ಲ. ಊರು ಅವನನ್ನು ಸಂಭಾವಿತ ಅನ್ನುತ್ತದೆ.

ಕಾಕಿಯ ಕಣ್ಣಿಗೆ ಪೊರೆ ಬಂದಿತ್ತು. ಬೀದರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿ ನಮ್ಮ ತಾಯಿಯ ಮನೆಯಲ್ಲೇ ಇಟ್ಟುಕೊಂಡಿದ್ದೆ. ಅಲ್ಲಿಯೂ ನಮ್ಮ ತಾಯಿಯ ಅಡಿಗೆಗೆ, ಡಾಕ್ಟರರ ಕೈಗೆ, ನಲ್ಲಿ ನೀರಿಗೆ ಬೈದುಕೊಂಡೇ ಇದ್ದರು. ಅದೇ ಹೊತ್ತಿಗೆ ಊರಿಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕುವವರು ಬಂದು ದನಗಳಿಗೆಲ್ಲ ಸರಕಾರದ ಹಳದಿ ಕಿವಿಯೋಲೆ ಚುಚ್ಚಿ ಹೋಗಿದ್ದರು. ಓಲೆಗೊಂದು ನಂಬರು. ಆ ನಂಬರು ಯಾರ ಹೆಸರಿಗೆ, ಯಾವ ಫೋನಿಗೆ ಎಂಬುದು ಕಂಪ್ಯೂಟರಿನಲ್ಲಿ ಕೂರುತ್ತದೆ. ಬಂದವರ ತಪ್ಪೇನೂ ಇಲ್ಲ, ಯಾರದು ಎಂದು ಕೇಳಿದ್ದರು. ಅಂಗಳದಲ್ಲಿ ನಿಂತಿದ್ದ ಗಂಡಸು ತನ್ನ ಹೆಸರು ಹೇಳಿದ್ದ.

ಕರಿ ಕನ್ನಡಕ ಹಾಕಿಕೊಂಡು ಬಸ್ಸಿಳಿದ ಕಾಕಿ ಸೀದಾ ಕೊಟ್ಟಿಗೆಗೆ ಹೋದರು. ಎರಡೂ ಮನ್ನಳ್ಳಿಗಳ ಕಿವಿಯಲ್ಲಿ ಹಳದಿ ಓಲೆ. ಚುಚ್ಚಿದ್ದು ಯಾರೆಂದು ಕಾಕಿ ಕೇಳಲಿಲ್ಲ.

“ಯಾರ ಹೆಸರೀಲೆ?”

“ಮನಿ ಹೆಸರೀಲೆ ಕಾಕಿ” ಎಂದ ಅಣ್ಣನ ಮಗ.

“ಮನೀಗಿ ಹೆಸರು ಅದ? ಮನಿ ಬಂದು ಹೆಬ್ಬಟ್ಟು ಒತ್ತಿತು?”

“ನನ್ನ ಫೋನ್ ನಂಬರ್ ಕೊಟ್ಟೇನಿ ಅಷ್ಟ. ನಂದು ನಿಮ್ದು ಬ್ಯಾರೆ ಅದ ಏನು ಕಾಕಿ?”

“ಬ್ಯಾರೆ ಅದ!” ಎಂದು ಕಾಕಿ ಕೂಗಿದ್ದು ಮೂರನೆಯ ಓಣಿಗೆ ಕೇಳಿಸಿತು. ಊರವರು ಅಂದದ್ದು, ಈ ಮುದುಕಿಗೆ ಕಣ್ಣು ಬಂತು, ಬುದ್ಧಿ ಬರಲಿಲ್ಲ.

ದನದ ದವಾಖಾನೆಗೆ ಹೋಗಿ ಕೇಳಿದೆವು. ಹೆಸರು ಬದಲಿಸಲು ಈಗ ಹೆಸರಿರುವವರ ಫೋನಿಗೆ ಓಟಿಪಿ ಬರುತ್ತದೆ, ಅದನ್ನು ಅವರು ಹೇಳಿದರೆ ಸಾಕು ಅಂದರು. ಸಾಕು ಅನ್ನುವುದು ಎಷ್ಟು ಸುಲಭ! ಇಂದು ಫೋನಿಗೆ ಚಾರ್ಜ್ ಇಲ್ಲ, ನಾಳೆ ನೆಟ್‌ವರ್ಕ್ ಇಲ್ಲ, ನಾಡಿದ್ದು ಅವನೇ ಊರಲ್ಲಿಲ್ಲ. ಎಲ್ಲವೂ ನಗುನಗುತ್ತಲೇ. ಕೊಡುವುದಿಲ್ಲ ಎಂದು ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ನನಗೆ ಅವನ ಮೇಲೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ.

ಮಗಳನ್ನು ಕೊಟ್ಟದ್ದು ಭಾಲ್ಕಿ ತಾಲೂಕಿನ ಮೆಹಕರಕ್ಕೆ. ಚೊಚ್ಚಲ ಹೆರಿಗೆಗೆ ಬಂದಿದ್ದಳು, ಹೆಣ್ಣು ಕೂಸು. ಹಿಂದಿರುಗುವ ದಿನ ಟೆಂಪೊ ಬಂತು. ಸಣ್ಣ ಮನ್ನಳ್ಳಿಯನ್ನು ಹತ್ತಿಸಬೇಕು, ಅಷ್ಟರಲ್ಲಿ ಅಣ್ಣನ ಮಗ ಟೆಂಪೊದ ಮುಂದೆ ಬಂದು ನಿಂತ. ಅಂದೂ ನಗುಮುಖವೇ.

“ಕಾಕಿ, ದಾರ್ಯಾಗ ಯಾರರೇ ಹಿಡಿದ್ರ ಏನು ಮಾಡ್ತೀರಿ? ಓಲಿ ನನ್ನ ಹೆಸರೀಲೆ ಅದ. ಕಳವಿನ ಕೇಸ್ ಆಗ್ತದ. ನಿಮ್ಮ ಸಲುವಾಗೇ ಹೇಳ್ಲಿಕತ್ತೇನಿ.”

ಜನ ಕೂಡಿದರು. ಸಾವಿನ ಮನೆಯಲ್ಲಿ ಆ ಮಾತು ಆಡಿದ ಹಿರಿಯರೂ ಇದ್ದರು. ಕಾಕಿ ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತರು.

“ಕಿವಿ ನೋಡ್ರಿ. ಇದು ಯಾರ ಕಚ್ಚು? ನಿಮ್ಮ ಹೊಲ ಉತ್ತ ಎತ್ತು ಯಾರ ಆಕಳ ಹೊಟ್ಟ್ಯಾಗ ಹುಟ್ಟಿದ್ದು? ಹೇಳ್ರಿ.”

ಎಲ್ಲರಿಗೂ ಗೊತ್ತಿತ್ತು. ಅಲ್ಲಿ ನಿಂತಿದ್ದ ಒಬ್ಬೊಬ್ಬ ಗಂಡಸಿನ ಮನೆಯಲ್ಲೂ ಹೆಂಡತಿಯ ತವರಿನ ಕಿವಿಯ ಒಂದು ಆಕಳೋ ಎಮ್ಮೆಯೋ ಇತ್ತು. ಅವುಗಳಿಗೂ ಹೊಸ ಓಲೆ ಬಿದ್ದಿತ್ತು, ಅದು ಯಾರ ಹೆಸರಿನಲ್ಲಿ ಬಿದ್ದಿದೆ ಎಂಬುದೂ ಅವರಿಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಸಂಜೆಗೆ ತಮ್ಮ ಮನೆಯಲ್ಲೇ ಲೆಕ್ಕ ಕೇಳುತ್ತಾರೆ. ಹಾಗಾಗಿ ಎಲ್ಲರೂ ನೆಲ ನೋಡಿದರು. ಕೊನೆಗೆ ಆ ಹಿರಿಯರು, “ಕಿವೀದು ಹಳೀ ಕಾಲದ್ದು ಕಾಕಿ. ಈಗ ಓಲಿದೇ ನಡೀತದ” ಅಂದರು. ಇವರೇ, ದೇವರಂಥ ಹೆಣ್ಣುಮಗಳು ಎಂದು ಆಮೇಲೆ ಚಹಾ ಕುಡಿದವರು.

ಮಗಳು ಅಳುತ್ತ, “ಬಿಡವ್ವ, ಮಂದಿ ಮುಂದ ಯಾಕ? ನನಗ ಆಕಳ ಬ್ಯಾಡ” ಅಂದಳು.

“ನಿನಗ ಬ್ಯಾಡಂದ್ರ ಬಿಡು. ನಿನ್ನ ಕೈಯಾಗ ಇದ್ದಾಕೀಗಿ ಬೇಕು” ಎಂದ ಕಾಕಿ ಒಳಗೆ ಹೋಗಿ ಅದೇ ಕತ್ತರಿ ತಂದರು. ಸಣ್ಣ ಮನ್ನಳ್ಳಿಯ ಕಿವಿಯನ್ನು ಎಡಗೈಯಲ್ಲಿ ಹಿಡಿದು, ಓಲೆಯ ಕಡ್ಡಿಗೆ ಕತ್ತರಿ ಇಟ್ಟು ಬಲವಾಗಿ ಒತ್ತಿದರು. ಓಲೆ ಕಳಚಿ ಬಿತ್ತು. ಅದನ್ನು ಎತ್ತಿ, ಮಣ್ಣು ಒರೆಸಿ, ಅಣ್ಣನ ಮಗನ ಅಂಗೈಯಲ್ಲಿ ಇಟ್ಟರು.

“ತಗೋ. ಇದರಾಗ ನಿಂದು ಇಷ್ಟ. ಹಿಂಡ್ಕೊಂಡು ಕುಡಿ.”

ಟೆಂಪೊದವನು ಹೆದರಿ, ಓಲೆ ಇಲ್ಲದ ದನ ಹತ್ತಿಸಲಾರೆ ಎಂದು ಹೊರಟುಹೋದ. ಮಗಳನ್ನು ಕೂಸಿನೊಂದಿಗೆ ಬಸ್ಸಿಗೆ ಹತ್ತಿಸಿ, ಕಾಕಿ ಆಕಳ ಹಗ್ಗ ಹಿಡಿದು ನಡೆದೇ ಹೊರಟರು. ಕರಿ ಕನ್ನಡಕ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಹಗ್ಗ. ನಾನೂ ಬರುತ್ತೇನೆ ಅಂದದ್ದಕ್ಕೆ, “ಸಾಲಿ ಯಾರು, ನಿಮ್ಮಪ್ಪ ನಡಸ್ತಾನ?” ಎಂದು ಗದರಿಸಿ ಓಡಿಸಿದರು. ಊರ ಗಂಡಸರು ಆಗಲೂ ನೆಲವನ್ನೇ ನೋಡುತ್ತಿದ್ದರು. ಸೊಸೆಯಂದಿರು ಮಾತ್ರ ಬಾಗಿಲಿಗೆ ಬಂದು ನಿಂತಿದ್ದರು, ಕಮಲನಗರ, ಹುಮನಾಬಾದ ಎಲ್ಲರೂ.

ಎರಡು ದಿನಕ್ಕೆ ಕಾಕಿ ಭಾಲ್ಕಿ ಮುಟ್ಟಿದ ಸುದ್ದಿ ಬಂತು, ರಜೆ ಹಾಕಿ ಹೋದೆ. ಕಾಕಿ ಇಳಿದುಕೊಂಡಿದ್ದು ಆ ದಲ್ಲಾಳಿ ಚಾಚಾರ ಮನೆಯ ಹಿತ್ತಿಲಿನಲ್ಲಿ. ಮಗಳು ಅಳಿಯನೂ ಮೆಹಕರದಿಂದ ಬಂದಿದ್ದರು. ಚಾಚಾ ನಮ್ಮನ್ನೆಲ್ಲ ದನದ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರ್ ಆಕಳ ಕಿವಿ ನೋಡಿ ಕಾಕಿಗೆ ಚೆನ್ನಾಗಿ ಬೈದರು. ಕಾಕಿ ತಲೆ ತಗ್ಗಿಸಿ ಬೈಸಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಹಳೀ ನಂಬರ್ ಹೇಳ್ರಿ, ಅದರ ಬದಲಿಗಿ ಹೊಸಾದು ಹಾಕ್ತೇವಿ” ಅಂದರು ಡಾಕ್ಟರ್.

“ಹಳೀದು ನಂದಲ್ಲರಿ. ಅವರಿಗಿ ಕೊಟ್ಟು ಬಂದೇನಿ.”

“ಹಂಗಾದ್ರ ಆಕಳ ನಿಮ್ದೇ ಅಂತ ನನಗ ಹ್ಯಾಂಗ ಗೊತ್ತಾಗಬೇಕು?”

ಆಗ ಚಾಚಾ ಮುಂದೆ ಬಂದರು. “ಡಾಕ್ಟರ್ ಸಾಬ್, ಕಾನ್ ದೇಖೋ. ಎಡಗಿವಿ, ಕೆಳಗ ಜೋಡಿ ಕಚ್ಚು, ಮನ್ನಳ್ಳಿ ಮನಿ. ಇದರ ತಾಯಿ ಕಿವೀನೂ ನೋಡೇನಿ, ಅದರ ತಾಯೀದೂ ನೋಡೇನಿ. ಇದು ಈ ಅಮ್ಮಂದು. ಬರದುಕೊಡು ಅಂದ್ರ ಬರದುಕೊಡ್ತೇನಿ.”

ದನದ ಬಜಾರಿನಲ್ಲಿ ಮುದಿ ಎತ್ತಿಗೆ ಹರೆಯ ಬರಿಸಿ ಮಾತಾಡುವ ಮನುಷ್ಯ. ಈ ವಿಷಯದಲ್ಲಿ ನಿಜ ಹೇಳಿದವರು ಅವರೊಬ್ಬರೇ. ಡಾಕ್ಟರ್ ಕಿವಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಹೊಸ ಓಲೆ ತರಿಸಿದರು.

“ಮನಿ ಯಜಮಾನರ ಹೆಸರು, ಫೋನ್ ನಂಬರ್ ಹೇಳ್ರಿ.”

ಅಳಿಯ ಸಹಜವಾಗಿ ಕಿಸೆಗೆ ಕೈ ಹಾಕಿದ. ಕೆಟ್ಟವನಲ್ಲ, ಅತ್ತೆಗೆ ಎದುರಾಡಿದವನಲ್ಲ. ಹೆಸರು ಕೇಳಿದರೆ ತನ್ನದು ಹೇಳಬೇಕು ಎಂಬುದು ಅವನಿಗೆ ಉಸಿರಾಟದಷ್ಟು ರೂಢಿ.

“ಫೋನ್ ಒಳಗ ಇಡ್ರಿ ಅಳಿಯಾರ” ಅಂದರು ಕಾಕಿ. ಮೆಲ್ಲಗೇ ಅಂದರು, ಆದರೂ ಅಲ್ಲಿದ್ದ ಕೋಳಿಗಳು ಕೂಡ ಸುಮ್ಮನಾದವು. “ನನ್ನ ಮಗಳ ಹೆಸರು ಬರೀರಿ ಡಾಕ್ಟರ್. ಆಕೀಗಿ ಫೋನ್ ಇಲ್ಲ. ಟೀಚರ್, ನಿಮ್ಮ ನಂಬರ್ ಹೇಳ್ರಿ.”

ಹಾಗೆ ಸಣ್ಣ ಮನ್ನಳ್ಳಿ ಆ ಮಗಳ ಹೆಸರಿನಲ್ಲಿ, ನನ್ನ ನಂಬರಿಗೆ ಬಿತ್ತು. ನಾನು ಮತ್ತೆ ಬೀದರಿಗೆ ವರ್ಗವಾಗಿ ಬಂದ ಮೇಲೂ ಅದರ ಲಸಿಕೆಯ ಸುದ್ದಿ ನನ್ನ ಫೋನಿಗೇ ಬರುತ್ತದೆ. ಅಣ್ಣನ ಮಗನ ಫೋನಿನಲ್ಲಿ ಆ ಹಳೆಯ ಓಲೆಯ ನಂಬರಿನ ಆಕಳು ಇನ್ನೂ ಇದೆ. ಅದಕ್ಕೆ ಹಾಲಿಲ್ಲ, ಸಗಣಿ ಇಲ್ಲ, ಕಿವಿಯೂ ಇಲ್ಲ.

ಆದರೆ ದೊಡ್ಡ ಮನ್ನಳ್ಳಿ ಅವನ ಹೆಸರಿನಲ್ಲೇ ಉಳಿದಿತ್ತು. ಮುದಿ ಆಕಳು, ನನ್ನ ಜೊತೆಗೇ ಸಾಯಲಿ ಎಂದು ಕಾಕಿ ಬಿಟ್ಟಿದ್ದರು. ಕಾಕಿ ಮೊದಲು ಹೋದರು. ನಾವು ಮಣ್ಣಿಗೆ ಹೋಗಿ ಬರುವಷ್ಟರಲ್ಲಿ ಅದನ್ನು ಬಿಚ್ಚಿ ಅಂಗಳದ ಆಚೆ ಬದಿಗೆ ಕಟ್ಟಿದ್ದರು. ಅದು ಈ ಕಡೆಯ ಕೊಟ್ಟಿಗೆಗೆ ಮುಖ ಮಾಡಿ ಒದರುತ್ತಲೇ ಇತ್ತು. ಅದರ ಕೂಗಿನ ನಡುವೆಯೇ ಆ ಹಿರಿಯರು, ಸಿಟ್ಟೊಂದು ಇರದಿದ್ದರೆ ಅಂದದ್ದು, ಮಗಳು ಹೌದು ಅಂದದ್ದು. ಆ ಸಿಟ್ಟೊಂದು ಇರದಿದ್ದರೆ ಇವತ್ತು ಆ ಎರಡೂ ಆಕಳು ಅಣ್ಣನ ಮಗನ ಒಂದೇ ಗೂಟಕ್ಕೆ ಇರುತ್ತಿದ್ದವು ಎಂದು ಕೂಗಿ ಹೇಳಬೇಕೆನಿಸಿತು. ಸಾವಿನ ಮನೆ ಎಂದು ಸುಮ್ಮನೆ ಬಂದೆ. ಕಾಕಿ ಆಗಿದ್ದರೆ ಸಾವಿನ ಮನೆ ಎಂದು ನೋಡುತ್ತಿರಲಿಲ್ಲ.

ಮೊನ್ನೆ ಶಾಲೆಯಲ್ಲಿದ್ದಾಗ ಫೋನಿಗೆ ಒಂದು ಓಟಿಪಿ ಬಂತು. ಹಿಂದೆಯೇ ಕಾಕಿಯ ಅಳಿಯನ ಫೋನು.

“ಟೀಚರ್, ನಮಸ್ಕಾರ್ರಿ. ಈಗ ಒಂದು ನಂಬರ್ ಬಂದಿರಬೇಕಲ್ಲ, ಅದೊಂದಿಷ್ಟು ಹೇಳ್ರಿ. ಆಕಳದು ನನ್ನ ಹೆಸರೀಲೆ ಮಾಡಸ್ಲಿಕತ್ತೇನಿ. ಇನ್ನ ಅತ್ತಿಯವರೂ ಇಲ್ಲ, ನಿಮಗ್ಯಾಕ ಸುಮ್ನ ತ್ರಾಸು?”

ಎಷ್ಟು ಮರ್ಯಾದೆಯ ಮಾತು! ನನ್ನ ಕಿವಿಯೆಲ್ಲ ಬಿಸಿಯಾಯಿತು. ತ್ರಾಸು ಎಂಬ ಆ ಶಬ್ದವನ್ನು ಎಲ್ಲಿ ಕೇಳಿದ್ದೆ ಎಂದು ನೆನಪಿಸಿಕೊಳ್ಳುವ ಕಷ್ಟವೇ ಇರಲಿಲ್ಲ. “ನಂಬರು ನಿಮ್ಮ ಹೆಂಡತಿಗೆ ಹೇಳುತ್ತೇನೆ. ಆಕಳು ಅವಳದು, ಅವಳ ಕೈಗೆ ಕೊಡಿ ಫೋನು” ಅಂದೆ. ಅವನು ನಕ್ಕು, ಎರಡೂ ಒಂದೇ ಅಲ್ಲೇನ್ರಿ, ಅಂದ. “ಒಂದೇ ಅಲ್ಲ” ಎಂದು ನಾನು ಕೂಗಿದ್ದಕ್ಕೆ ಪಕ್ಕದ ಕ್ಲಾಸಿನ ಮಾಸ್ತರರು ಕಿಟಕಿಯಿಂದ ಇಣುಕಿ ನೋಡಿದರು.

ಫೋನು ಕೈ ಬದಲಾಯಿತು. ಕೂಸು ಏನೋ ತೊದಲುವುದು ಕೇಳುತ್ತಿತ್ತು. ಮಂದಿಯ ಮುಂದೆ ಬೇಡ, ನನಗೆ ಆಕಳು ಬೇಡ ಎಂದು ಅತ್ತವಳು ಇವಳೇ. ಇವಳು ಹೇಳಿ ಅಂದರೆ ನಾನು ಹೇಳಲೇಬೇಕು.

“ಟೀಚರ್.”

“ಹೇಳು ತಂಗಿ.”

“ಹೇಳಬ್ಯಾಡ್ರಿ.” ಗಂಡನಿಗೆ ಕೇಳಲಿ ಎಂದೇ ಗಟ್ಟಿಯಾಗಿ ಅಂದಳು. “ಆಕಳ ಈದದ. ಹೆಣ್ಣು ಕರಾ. ಅವ್ವನ ಕತ್ತರಿಗಿ ಸಾಣಿ ಹಿಡಿಸಿ ಇಟ್ಟೇನಿ. ಐತವಾರ ಸಾಲಿ ಇರಂಗಿಲ್ಲ, ಹಗ್ಗ ಹಿಡೀಲಿಕ್ಕಿ ಬರ್ರಿ.”